ಕಡಿಮೆ ಜಿಪಿಎ ಇದ್ದಾಗ ಅಮೆರಿಕದಲ್ಲಿ ಯಾವ ಮೆಡಿಕಲ್ ಸ್ಕೂಲ್‌ಗೆ ಅರ್ಜಿ ಹಾಕಬೇಕು: ಹಂತ ಹಂತದ ಮಾರ್ಗದರ್ಶಿ

ಜಿಪಿಎ ಅಂದರೆ ಕಾಲೇಜಿನ ಗ್ರೇಡ್‌ಗಳ ಸರಾಸರಿ, ಪೂರ್ತಿ ಬಂದರೆ 4.0. ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ ಬರುತ್ತದೆ. "ಜಿಪಿಎ 3.2 ಇದೆ. ಮೂವತ್ತೈದು ಸ್ಕೂಲ್‌ಗೆ ಹಾಕಿದ್ದೆ, ಒಂದು ಇಂಟರ್‌ವ್ಯೂ ಕೂಡ ಬರಲಿಲ್ಲ. ಈ ಸಲ ಐವತ್ತಕ್ಕೆ ಹಾಕಲಾ?" ಪಟ್ಟಿ ತರಿಸಿ ನೋಡಿದರೆ ಕಾರಣ ಅಲ್ಲೇ ಕಾಣುತ್ತದೆ. ಒಂದಷ್ಟು ಸ್ಕೂಲ್‌ಗಳನ್ನು ಬರೀ ಹೆಸರು ನೋಡಿ ಸೇರಿಸಿರುತ್ತಾರೆ. ಒಂದಷ್ಟು ಬೇರೆ ರಾಜ್ಯದವರಿಗೆ ಬಾಗಿಲೇ ತೆರೆಯದ ಸರ್ಕಾರಿ ಸ್ಕೂಲ್‌ಗಳು. ಉಳಿದವಕ್ಕೆ ವರ್ಷಕ್ಕೆ ಹತ್ತು ಸಾವಿರದ ಮೇಲೆ ಅರ್ಜಿ ಬರುತ್ತವೆ, ಅಲ್ಲಿ 3.2 ಅನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ.

ಎಷ್ಟು ಸ್ಕೂಲ್‌ಗೆ ಹಾಕಬೇಕು ಅನ್ನುವುದು ಆಮೇಲಿನ ಮಾತು. ನಿಮ್ಮಂಥವರ ಅರ್ಜಿಯನ್ನು ಕೂತು ಓದುವ ಸ್ಕೂಲ್ ಯಾವುದು ಅಂತ ಮೊದಲು ಕಂಡುಹಿಡಿಯಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಂತ ಹಾರಿಸಿದರೆ ಮುಂದಿನದು ತಪ್ಪುತ್ತದೆ.

"ಕಡಿಮೆ" ಅಂದರೆ ಎಷ್ಟು? ಅಮೆರಿಕದಲ್ಲಿ ಡಾಕ್ಟರ್ ಆಗಲು ಎಂಡಿ, ಡಿಒ ಅಂತ ಎರಡು ಪದವಿ ಇವೆ. ಎಂಡಿ ಸ್ಕೂಲ್‌ಗಳಿಗೆ ಸೇರುವವರ ಸರಾಸರಿ ಜಿಪಿಎ ಈಗ 3.8ರ ಹತ್ತಿರ ಇದೆ, ಎಂಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಸುಮಾರು 511-512. ಡಿಒ ಸ್ಕೂಲ್‌ಗಳಲ್ಲಿ ಜಿಪಿಎ 3.6ರ ಆಸುಪಾಸು. ಹಾಗಾಗಿ 3.5ಕ್ಕಿಂತ ಕೆಳಗಿದ್ದರೆ ಈ ಮಾರ್ಗದರ್ಶಿ ನಿಮಗೆ. 3.0ಕ್ಕಿಂತ ಕೆಳಗಿದ್ದರೆ 2ನೇ ಹಂತವನ್ನು ಎರಡು ಸಲ ಓದಿ.

ಬೇಕಾದ ಸಾಮಾನು

ಓದಿದ ಎಲ್ಲಾ ಕಾಲೇಜುಗಳ ಟ್ರಾನ್ಸ್‌ಕ್ರಿಪ್ಟ್. ಒಂದು ಸ್ಪ್ರೆಡ್‌ಶೀಟ್. ಎಎಎಂಸಿ (ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ) ನಡೆಸುವ ಎಂಎಸ್‌ಎಆರ್ ಅನ್ನುವ, ಎಂಡಿ ಸ್ಕೂಲ್‌ಗಳ ಮಾಹಿತಿ ಕೋಶದ ಚಂದಾ, ಇದಕ್ಕೆ ದುಡ್ಡು ಕೊಡಬೇಕು, ಕೊಡಿ. ಡಿಒ ಸ್ಕೂಲ್‌ಗಳಿಗೆ ಚೂಸ್ ಡಿಒ ಎಕ್ಸ್‌ಪ್ಲೋರರ್, ಇದು ಉಚಿತ. ಜೊತೆಗೆ ಎಎಎಂಸಿ ಪ್ರಕಟಿಸುವ ಎ-23 ಅನ್ನುವ ಕೋಷ್ಟಕ. ಯಾವ ಜಿಪಿಎ, ಯಾವ ಎಂಕ್ಯಾಟ್ ಇದ್ದವರಲ್ಲಿ ಎಷ್ಟು ಜನಕ್ಕೆ ಸೀಟು ಸಿಕ್ಕಿತು ಅಂತ ಅದರಲ್ಲಿ ಇರುತ್ತದೆ. ರ‍್ಯಾಂಕಿಂಗ್ ಪಟ್ಟಿಗಳು ಈ ಕೆಲಸಕ್ಕೆ ಬೇಡ.

1. ನಿಮ್ಮ ನಿಜವಾದ ಜಿಪಿಎ ಎಷ್ಟು ಅಂತ ಲೆಕ್ಕ ಹಾಕಿ

ಕಾಲೇಜಿನ ಪೋರ್ಟಲ್‌ನಲ್ಲಿ ಕಾಣುವ ಸಂಖ್ಯೆಯನ್ನು ಮೆಡಿಕಲ್ ಸ್ಕೂಲ್‌ಗಳು ನೋಡುವುದಿಲ್ಲ. ಎಂಡಿ ಅರ್ಜಿ ಆಮ್‌ಕ್ಯಾಸ್ ಮೂಲಕ ಹೋಗುತ್ತದೆ, ಡಿಒ ಅರ್ಜಿ ಆಕೋಮಾಸ್ ಮೂಲಕ, ಟೆಕ್ಸಸ್‌ನ ಸರ್ಕಾರಿ ಸ್ಕೂಲ್‌ಗಳ ಅರ್ಜಿ ಟಿಎಂಡಿಎಸ್‌ಎಎಸ್ ಮೂಲಕ. ಮೂರೂ ಕಡೆ ನಿಮ್ಮ ಗ್ರೇಡ್‌ಗಳನ್ನು ಅವರದೇ ಲೆಕ್ಕದಲ್ಲಿ ಮತ್ತೆ ಕೂಡಿಸುತ್ತಾರೆ.

ಹೆಚ್ಚು ಜನ ಎಡವುವುದು ಒಂದೇ ಕೋರ್ಸನ್ನು ಎರಡನೇ ಸಲ ತೆಗೆದುಕೊಂಡಾಗ. ನಾಲ್ಕು ಕ್ರೆಡಿಟ್‌ನ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಬಂತು, ಮತ್ತೆ ತೆಗೆದುಕೊಂಡು ಎ ಮಾಡಿದಿರಿ ಅಂದುಕೊಳ್ಳಿ. ಎಷ್ಟೋ ಕಾಲೇಜುಗಳು ಹಳೆಯ ಸಿ ಕೈಬಿಟ್ಟು ಎ ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ. ಆಮ್‌ಕ್ಯಾಸ್ ಎರಡನ್ನೂ ಹಿಡಿಯುತ್ತದೆ: ಎಂಟು ಕ್ರೆಡಿಟ್, ಸರಾಸರಿ 3.0. ಡಿಒ ಕಡೆ ಹಳೆಯ ಗ್ರೇಡ್ ಬದಲಾಯಿಸುವ ಸೌಲಭ್ಯ ಇತ್ತು, ಅದು 2017ರಲ್ಲಿ ನಿಂತುಹೋಯಿತು. ಇನ್ನೂ "ಡಿಒಗೆ ಹಾಕಿದರೆ ಹಳೆಯ ಸಿ ಹೋಗುತ್ತಲ್ವಾ" ಅಂತ ಕೇಳುವವರಿದ್ದಾರೆ. ಹೋಗುವುದಿಲ್ಲ.

ಎರಡನೆಯದು, ಹೈಸ್ಕೂಲಿನಲ್ಲಿದ್ದಾಗಲೇ ಕಮ್ಯುನಿಟಿ ಕಾಲೇಜಿನಲ್ಲಿ ತೆಗೆದುಕೊಂಡ ಕೋರ್ಸ್‌ಗಳು. ಅವೂ ಲೆಕ್ಕಕ್ಕೆ ಬರುತ್ತವೆ. ಹದಿನಾರನೇ ವಯಸ್ಸಿನಲ್ಲಿ ಸುಮ್ನೆ ಮಾಡಿದ ಕ್ಯಾಲ್ಕುಲಸ್‌ನ ಬಿ-ಮೈನಸ್ ಕೂಡ 2.7 ಆಗಿ ಅಲ್ಲಿ ಕೂತಿರುತ್ತದೆ. ಆ ಟ್ರಾನ್ಸ್‌ಕ್ರಿಪ್ಟ್ ಕಳಿಸದೆ ಬಿಟ್ಟರೆ ಅರ್ಜಿ ಪರಿಶೀಲನೆಯಲ್ಲೇ ನಿಲ್ಲುತ್ತದೆ.

ಇನ್ನು ಸೈನ್ಸ್ ಜಿಪಿಎ. ಆಮ್‌ಕ್ಯಾಸ್ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್ಸ್ ನಾಲ್ಕನ್ನು ಸೇರಿಸಿ ಬೇರೆ ಲೆಕ್ಕ ಕೊಡುತ್ತದೆ. ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್ ಕೋರ್ಸ್‌ಗಳು ಇದಕ್ಕೆ ಸೇರುವುದಿಲ್ಲ. ನಮ್ಮ ಮನೆಗಳಲ್ಲಿ ಮೊದಲು ಎಂಜಿನಿಯರಿಂಗ್ ಓದಿ ಆಮೇಲೆ ಮೆಡಿಸಿನ್ ಕಡೆ ತಿರುಗುವ ಮಕ್ಕಳು ಜಾಸ್ತಿ, ಅವರಿಗೆ ಈ ವ್ಯತ್ಯಾಸ ದೊಡ್ಡದು. ಆಕೋಮಾಸ್ ತನ್ನ ಸೈನ್ಸ್ ಜಿಪಿಎಯಲ್ಲಿ ಮ್ಯಾಥ್ಸ್ ಸೇರಿಸುವುದಿಲ್ಲ. ಮ್ಯಾಥ್ಸ್‌ನಲ್ಲಿ ಪೆಟ್ಟು ತಿಂದವರಿಗೆ ಅಲ್ಲಿ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ. ಟೆಕ್ಸಸ್‌ನವರು ಪ್ಲಸ್, ಮೈನಸ್ ಎರಡನ್ನೂ ಲೆಕ್ಕಿಸುವುದಿಲ್ಲ, ಎ-ಮೈನಸ್ ಇದ್ದರೆ ಪೂರ್ತಿ 4.0.

ಕರ್ನಾಟಕದಲ್ಲಿ ಬಿಎಸ್ಸಿ ಅಥವಾ ಬಿಇ ಮುಗಿಸಿ ಬಂದವರಿಗೆ ಒಂದು ಮಾತು. ಆ ಅಂಕಗಳನ್ನು ಆಮ್‌ಕ್ಯಾಸ್ ಪರಿಶೀಲಿಸುವುದೂ ಇಲ್ಲ, ಜಿಪಿಎಗೆ ಸೇರಿಸುವುದೂ ಇಲ್ಲ. ಬಹುತೇಕ ಸ್ಕೂಲ್‌ಗಳು ಇಲ್ಲಿ ಓದಿದ ಕ್ರೆಡಿಟ್‌ಗಳನ್ನು ಕೇಳುತ್ತವೆ.

ಈ ಹಂತ ಮುಗಿದಾಗ ನಿಮ್ಮ ಕೈಯಲ್ಲಿ ಆಮ್‌ಕ್ಯಾಸ್ ಒಟ್ಟು, ಆಮ್‌ಕ್ಯಾಸ್ ಸೈನ್ಸ್, ಆಕೋಮಾಸ್ ಒಟ್ಟು, ಆಕೋಮಾಸ್ ಸೈನ್ಸ್ ನಾಲ್ಕೂ ಇರಬೇಕು. ಟೆಕ್ಸಸ್ ನಿವಾಸಿಗಳಿಗೆ ಅಲ್ಲಿನ ಲೆಕ್ಕವೂ ಬೇಕು.

2. ಗ್ರೇಡ್‌ಗಳು ಏರಿದವಾ, ಇಳಿದವಾ ನೋಡಿ

ಆಮ್‌ಕ್ಯಾಸ್ ನಿಮ್ಮ ಜಿಪಿಎಯನ್ನು ವರ್ಷವಾರು ಬಿಡಿಸಿ ಸ್ಕೂಲ್‌ಗೆ ಕಳಿಸುತ್ತದೆ. ಪ್ರತಿ ವರ್ಷ ಒಂದೇ ಸಂಖ್ಯೆಯ ಕ್ರೆಡಿಟ್ ತೆಗೆದುಕೊಂಡ ಇಬ್ಬರು ವಿದ್ಯಾರ್ಥಿಗಳನ್ನು ನೋಡಿ. ಮೊದಲನೆಯವರದು 2.6, 3.0, 3.6, 3.9. ಎರಡನೆಯವರದು 3.7, 3.4, 3.1, 2.9. ಇಬ್ಬರ ಸರಾಸರಿಯೂ ಸುಮಾರು 3.28. ಆದರೆ ಮೊದಲನೆಯವರ ಅರ್ಜಿ ಓದುವವರಿಗೆ ಈ ಹುಡುಗಿ ದಾರಿ ಕಂಡುಕೊಂಡಳು ಅನ್ನಿಸುತ್ತದೆ. ಎರಡನೆಯವರದು ನೋಡಿದರೆ ಪಾಠ ಕಷ್ಟವಾದಷ್ಟೂ ಸೋತಿದ್ದಾರೆ ಅನ್ನಿಸುತ್ತದೆ. ಎರಡನೆಯವರು ಈ ವರ್ಷ ಪಟ್ಟಿ ಮಾಡುವುದೇ ಬೇಡ. ಮೊದಲು ಒಂದು ವರ್ಷ ಓದಲಿ.

ಓದಲು ದಾರಿ ಎರಡು. ಪೋಸ್ಟ್‌ಬ್ಯಾಕ್ ಅಂದರೆ ಪದವಿ ಆದಮೇಲೆ ಮತ್ತೆ ಪದವಿ ಮಟ್ಟದ ಸೈನ್ಸ್ ಕೋರ್ಸ್ ತೆಗೆದುಕೊಳ್ಳುವುದು. ಇದು ನಿಮ್ಮ ಹಳೆಯ ಜಿಪಿಎ ಜೊತೆಗೇ ಸೇರುತ್ತದೆ. ಆದರೆ ಎಷ್ಟು ಏರುತ್ತದೆ ಅಂತ ಮೊದಲೇ ಲೆಕ್ಕ ಹಾಕಿ. 120 ಕ್ರೆಡಿಟ್‌ಗೆ 3.1 ಇದ್ದವರು ಇನ್ನೂ 30 ಕ್ರೆಡಿಟ್ ಪೂರ್ತಿ 4.0 ತೆಗೆದರೂ ಒಟ್ಟು 3.28 ಆಗುತ್ತದೆ, ಅಷ್ಟೇ. ಈ ಸಂಖ್ಯೆ ನೋಡಿ ಕೈಚೆಲ್ಲಬೇಡಿ. ಅರ್ಜಿ ಓದುವವರ ಕಣ್ಣಿಗೆ ಆ 30 ಕ್ರೆಡಿಟ್‌ನ 4.0 ಪ್ರತ್ಯೇಕ ಸಾಲಾಗಿ ಬೀಳುತ್ತದೆ. ಕೆಲಸ ಮಾಡುವುದು ಆ ಸಾಲು.

ಇನ್ನೊಂದು, ಸ್ಪೆಷಲ್ ಮಾಸ್ಟರ್ಸ್ ಪ್ರೋಗ್ರಾಂ. ಜಾರ್ಜ್‌ಟೌನ್, ಬೋಸ್ಟನ್ ಯೂನಿವರ್ಸಿಟಿಯಂಥ ಕಡೆ ಮೆಡಿಕಲ್ ಸ್ಕೂಲಿನ ಮೊದಲ ವರ್ಷದ ಮಟ್ಟದ ಪಾಠಗಳನ್ನೇ ಓದಿಸುತ್ತಾರೆ. ಈ ಗ್ರೇಡ್ ಪದವಿ ಜಿಪಿಎಗೆ ಸೇರುವುದಿಲ್ಲ, ಬೇರೆಯಾಗಿ ಕಾಣುತ್ತದೆ. ಫೀಸ್ ಜಾಸ್ತಿ, ಅಪಾಯವೂ ಜಾಸ್ತಿ. ಇಲ್ಲಿ ಬಿ, ಬಿ-ಮೈನಸ್ ತಂದರೆ "ಮೆಡಿಕಲ್ ಸ್ಕೂಲ್ ಇವರ ಕೈಲಿ ಆಗಲ್ಲ" ಅಂತ ನೀವೇ ಬರೆದುಕೊಟ್ಟ ಹಾಗೆ. ಪದವಿ ಜಿಪಿಎ 3.0ಕ್ಕಿಂತ ಕೆಳಗಿದ್ದರೆ ಮೊದಲು ಪೋಸ್ಟ್‌ಬ್ಯಾಕ್ ಮಾಡಿ. ಎಷ್ಟೋ ಸ್ಕೂಲ್‌ಗಳು 3.0ಕ್ಕೆ ಗೆರೆ ಎಳೆದು, ಅದಕ್ಕಿಂತ ಕೆಳಗಿನ ಅರ್ಜಿಯನ್ನು ತೆರೆಯುವುದೇ ಇಲ್ಲ.

ಟೆಕ್ಸಸ್ ನಿವಾಸಿಗಳಿಗೆ ಮಾತ್ರ ಒಂದು ವಿಶೇಷ ದಾರಿ ಇದೆ: ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್. ಹತ್ತು ವರ್ಷಕ್ಕಿಂತ ಹಳೆಯ ಕ್ರೆಡಿಟ್‌ಗಳನ್ನು ಕೈಬಿಡಲು ರಾಜ್ಯದ ಕಾನೂನೇ ಅವಕಾಶ ಕೊಡುತ್ತದೆ. ಆದರೆ ಆ ಕ್ರೆಡಿಟ್‌ಗಳು ಪೂರ್ತಿ ಹೋಗುತ್ತವೆ, ಚೆನ್ನಾಗಿ ಬಂದವೂ ಸೇರಿ. ಅದರ ಮೇಲೆ ನಿಂತ ಪದವಿಯೂ ಹೋಗಬಹುದು.

3. ಎಂಕ್ಯಾಟ್ ಅಂಕ ಕೈಗೆ ಬರುವ ಮುಂಚೆ ಪಟ್ಟಿ ಮುಗಿಸಬೇಡಿ

ಎಂಕ್ಯಾಟ್ 472ರಿಂದ 528ರವರೆಗೆ ಇರುತ್ತದೆ. ಕಡಿಮೆ ಜಿಪಿಎ ಇದ್ದವರ ಪಟ್ಟಿ ನಿಲ್ಲುವುದೇ ಇದರ ಮೇಲೆ. ಎ-23 ಕೋಷ್ಟಕದಲ್ಲಿ ನಿಮ್ಮ ಜಿಪಿಎ ಸಾಲಿನ ಮೇಲೆ ಬೆರಳಿಟ್ಟು ಬಲಕ್ಕೆ ಹೋಗಿ. ಎಂಕ್ಯಾಟ್ ಏರಿದ ಹಾಗೆ ಸೀಟು ಸಿಕ್ಕವರ ಪ್ರಮಾಣವೂ ಏರುವುದು ಕಾಣುತ್ತದೆ. ತುದಿಯ ಚೌಕದಲ್ಲಿ, ಅಂದರೆ ಎರಡೂ ಅತಿ ಹೆಚ್ಚು ಇದ್ದವರಲ್ಲೂ, ಕೆಲವರಿಗೆ ಸೀಟು ಸಿಕ್ಕಿರುವುದಿಲ್ಲ. ಅದನ್ನೂ ನೋಡಿಟ್ಟುಕೊಳ್ಳಿ.

ಅಂಕ ಬರಲು ಪರೀಕ್ಷೆಯಾದ ಮೇಲೆ ಸುಮಾರು ಒಂದು ತಿಂಗಳು ಬೇಕು. ಅಷ್ಟರಲ್ಲಿ ಸಮಯ ಕಳೆಯಬಾರದು ಅಂದರೆ ಹೀಗೆ ಮಾಡಿ: ಆಮ್‌ಕ್ಯಾಸ್ ಅರ್ಜಿಯನ್ನು ಖಂಡಿತ ಹಾಕುವ ಒಂದೇ ಒಂದು ಸ್ಕೂಲ್ ಹೆಸರಿನಲ್ಲಿ ಕಳಿಸಿ. ಪರಿಶೀಲನೆ ಶುರುವಾಗುತ್ತದೆ. ಜೂನ್-ಜುಲೈ ನೂಕುನುಗ್ಗಲಿನಲ್ಲಿ ಅದಕ್ಕೇ ಹಲವು ವಾರ ಹಿಡಿಯುತ್ತದೆ. ಅಂಕ ಬಂದಮೇಲೆ ಉಳಿದ ಸ್ಕೂಲ್‌ಗಳನ್ನು ಸೇರಿಸಿ. ಅಂಕ ತೀರಾ ಕಡಿಮೆ ಬಂದರೆ ಉಳಿದ ದುಡ್ಡಾದರೂ ಉಳಿಯುತ್ತದೆ.

ಎಚ್ಚರಿಕೆ: ಅಭ್ಯಾಸ ಪರೀಕ್ಷೆಯಲ್ಲಿ ಬರದ ಅಂಕ ನಿಜವಾದ ದಿನ ಬರುವುದಿಲ್ಲ. ವರ್ಷಕ್ಕೆ ಮೂರು ಸಲ, ಎರಡು ವರ್ಷಕ್ಕೆ ನಾಲ್ಕು, ಜೀವನದಲ್ಲಿ ಒಟ್ಟು ಏಳು ಸಲ ಮಾತ್ರ ಬರೆಯಬಹುದು. ಬರೆದ ಪ್ರತಿ ಅಂಕವೂ ಸ್ಕೂಲ್‌ಗೆ ಕಾಣುತ್ತದೆ.

4. ನೀವು ಯಾವ ರಾಜ್ಯದವರು, ಯಾವ ವೀಸಾ

ಪಟ್ಟಿ ಶುರುವಾಗುವುದು ನಿಮ್ಮ ರಾಜ್ಯದ ಸರ್ಕಾರಿ ಸ್ಕೂಲ್‌ಗಳಿಂದ. ಅವೆಲ್ಲವನ್ನೂ ಸೇರಿಸಿ, ಹೆಸರು ದೊಡ್ಡದಿರಲಿ ಚಿಕ್ಕದಿರಲಿ. ಟೆಕ್ಸಸ್‌ನ ಸರ್ಕಾರಿ ಸ್ಕೂಲ್‌ಗಳಲ್ಲಿ ಹೊರಗಿನವರಿಗೆ ಗರಿಷ್ಠ ನೂರಕ್ಕೆ ಹತ್ತು ಸೀಟು. ನಾರ್ತ್ ಕ್ಯಾರೊಲಿನಾದ ಈಸ್ಟ್ ಕ್ಯಾರೊಲಿನಾ ಯೂನಿವರ್ಸಿಟಿಯ ಬ್ರೋಡಿ ಸ್ಕೂಲ್ ಆ ರಾಜ್ಯದವರಿಗೆ ಮಾತ್ರ. ಜಾರ್ಜಿಯಾದ ಮರ್ಸರ್ ಖಾಸಗಿಯಾದರೂ ಜಾರ್ಜಿಯಾದವರನ್ನೇ ತೆಗೆದುಕೊಳ್ಳುತ್ತದೆ. ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ನೋಡುವುದು ವಾಷಿಂಗ್ಟನ್, ವಯೋಮಿಂಗ್, ಅಲಾಸ್ಕಾ, ಮೊಂಟಾನಾ, ಐಡಹೋ ಕಡೆಯವರನ್ನು. ನ್ಯೂಜೆರ್ಸಿಯಲ್ಲಿ ಕೂತು ಇಂಥ ಕಡೆಗೆ ಅರ್ಜಿ ಹಾಕುವುದು ದುಡ್ಡು ಸುಡುವ ಕೆಲಸ.

ಒಂದು ಉದಾಹರಣೆ ಪೂರ್ತಿ ನೋಡೋಣ. ಒಹಾಯೊ ನಿವಾಸಿ, ಜಿಪಿಎ 3.3, ಕೊನೆಯ ಎರಡು ವರ್ಷ 3.8, ಎಂಕ್ಯಾಟ್ 511. ನಾನಾದರೆ ಮೊದಲು ಬರೆಯುವುದು ಟೊಲೆಡೊ, ರೈಟ್ ಸ್ಟೇಟ್, ನಿಯೋಮೆಡ್, ಸಿನ್ಸಿನಾಟಿ. ಓಹಾಯೊ ಯೂನಿವರ್ಸಿಟಿಯ ಹೆರಿಟೇಜ್ ಕಾಲೇಜು ಡಿಒ ಕಡೆಯದು, ಅದೂ ಅದೇ ಸಾಲಿಗೆ. ಓಹಾಯೊ ಸ್ಟೇಟ್ ಆಸೆಯ ಪಟ್ಟಿಗೆ. ಕೇಸ್ ವೆಸ್ಟರ್ನ್ ಕೈಬಿಡುತ್ತೇನೆ. ಅದೇ ಅಂಕದ ಹುಡುಗ ಕ್ಯಾಲಿಫೋರ್ನಿಯಾದವನಾದರೆ ಕಥೆಯೇ ಬೇರೆ. ಅಲ್ಲಿ ಸ್ವಂತ ರಾಜ್ಯದವರೇ ಲೆಕ್ಕವಿಲ್ಲದಷ್ಟು ಅರ್ಜಿ ಹಾಕುತ್ತಾರೆ, ತವರು ಅನ್ನುವ ಅನುಕೂಲ ಹೆಸರಿಗಷ್ಟೇ. ಅವನ ಪಟ್ಟಿ ಡಿಒ ಸ್ಕೂಲ್‌ಗಳು ಮತ್ತು ಬೇರೆ ರಾಜ್ಯದ ಖಾಸಗಿ ಸ್ಕೂಲ್‌ಗಳ ಮೇಲೆ ನಿಲ್ಲಬೇಕು.

ಗ್ರೀನ್ ಕಾರ್ಡ್ ಸರತಿಯಲ್ಲಿ ನಿಂತ ಮನೆಗಳ ಮಕ್ಕಳು ಇಲ್ಲಿ ಜಾಸ್ತಿ ಗಮನ ಕೊಡಬೇಕು. ಎಚ್-4 (ಕೆಲಸದ ವೀಸಾದಲ್ಲಿರುವವರ ಮನೆಯವರ ವೀಸಾ) ಮೇಲೆ ಬೆಳೆದು, 21 ತುಂಬಿ ಎಫ್-1ಗೆ (ವಿದ್ಯಾರ್ಥಿ ವೀಸಾ) ಬದಲಾದವರು ಹೈಸ್ಕೂಲೂ ಕಾಲೇಜೂ ಇಲ್ಲೇ ಮುಗಿಸಿರುತ್ತಾರೆ. ಆದರೂ ಎಷ್ಟೋ ಸ್ಕೂಲ್‌ಗಳ ಲೆಕ್ಕದಲ್ಲಿ ಅವರು ವಿದೇಶಿ ವಿದ್ಯಾರ್ಥಿಗಳು. ತುಂಬಾ ಸರ್ಕಾರಿ ಸ್ಕೂಲ್‌ಗಳು ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇದ್ದವರನ್ನು ಮಾತ್ರ ಪರಿಗಣಿಸುತ್ತವೆ. ಎಂಎಸ್‌ಎಆರ್‌ನಲ್ಲಿ ಪ್ರತಿ ಸ್ಕೂಲಿನ ಪುಟದಲ್ಲೂ ಇದು ಬರೆದಿರುತ್ತದೆ. ಮೊದಲು ಆ ಸಾಲು ನೋಡಿ, ಆಮೇಲೆ ಬೇರೆಲ್ಲ. ಕೆಲವು ಸ್ಕೂಲ್‌ಗಳು ವಿದೇಶಿಯರಿಂದ ಫೀಸ್‌ನ ದೊಡ್ಡ ಭಾಗವನ್ನು ಮುಂಚಿತವಾಗಿ ಖಾತೆಯಲ್ಲಿ ಇಡಲು ಕೇಳುತ್ತವೆ. ಫೆಡರಲ್ (ಕೇಂದ್ರ ಸರ್ಕಾರದ) ಸಾಲವೂ ಇವರಿಗೆ ಸಿಗುವುದಿಲ್ಲ. ಅಪ್ಪ ಅಮ್ಮನ ಜೊತೆ ಈ ಮಾತು ಅರ್ಜಿಗೆ ಮುಂಚೆ ಆಗಬೇಕು, ಸೀಟು ಬಂದಮೇಲಲ್ಲ.

5. ಎಂಎಸ್‌ಎಆರ್ ತೆಗೆದು ಸೋಸಿ

ಹೆಚ್ಚಿನವರು ಇಲ್ಲಿ ಮಧ್ಯದ ಅಂಕ ಮಾತ್ರ ನೋಡಿ ಮುಚ್ಚುತ್ತಾರೆ. ನಿಮಗೆ ಬೇಕಾದ ಮಾಹಿತಿ ಅದರ ಅಕ್ಕಪಕ್ಕದಲ್ಲಿದೆ.

ಮೊದಲು 10ನೇ ಪರ್ಸೆಂಟೈಲ್ ಜಿಪಿಎ ನೋಡಿ, ಅಂದರೆ ಸೀಟು ಸಿಕ್ಕವರಲ್ಲಿ ನೂರಕ್ಕೆ ಹತ್ತು ಜನ ಮಾತ್ರ ಅದಕ್ಕಿಂತ ಕೆಳಗಿರುವ ಅಂಕ. ನಿಮ್ಮದು ಅದಕ್ಕಿಂತ ಕೆಳಗಿದ್ದರೆ ಆ ಸ್ಕೂಲ್ ಸಾಮಾನ್ಯವಾಗಿ ಬೇಡ. ಅದಕ್ಕಿಂತ ಸ್ವಲ್ಪ ಮೇಲಿದ್ದರೆ ಎಂಕ್ಯಾಟ್ ನೋಡಿ. ಜಿಪಿಎ ಕೆಳಗಿದ್ದವರ ಎಂಕ್ಯಾಟ್ ಆ ಸ್ಕೂಲಿನ ಮಧ್ಯದ ಅಂಕಕ್ಕಿಂತ ಎರಡು ಮೂರಾದರೂ ಮೇಲಿರಬೇಕು ಅಂತ ನಾನು ಹೇಳುತ್ತೇನೆ. ಎರಡೂ ಕೆಳಗಿದ್ದರೆ ಆ ಸಾಲು ಅಳಿಸಿ, ಮನಸ್ಸಿಗೆ ಎಷ್ಟೇ ಹತ್ತಿರವಿದ್ದರೂ.

ಆಮೇಲೆ ಹೊರರಾಜ್ಯದವರ ಲೆಕ್ಕ. ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನರನ್ನು ಇಂಟರ್‌ವ್ಯೂಗೆ ಕರೆದರು ಅಂತ ಅಲ್ಲಿ ಇರುತ್ತದೆ. ಭಾಗಾಕಾರ ಮಾಡಿ. ಹೊರಗಿನ 4,000 ಅರ್ಜಿಯಲ್ಲಿ 80 ಜನರನ್ನು ಕರೆದಿದ್ದರೆ ನೂರಕ್ಕೆ ಎರಡು. ಆ 80 ಜನರಲ್ಲಿ ಆ ಊರಲ್ಲಿ ಹುಟ್ಟಿ ಬೆಳೆದವರೂ ಇರುತ್ತಾರೆ. ನೂರಕ್ಕೆ ಐದಕ್ಕಿಂತ ಕಡಿಮೆ ಇದ್ದರೆ, ನಿಮಗೆ ಆ ರಾಜ್ಯದ ಜೊತೆ ನಿಜವಾದ ನಂಟಿಲ್ಲದಿದ್ದರೆ, ಬಿಡಿ. ಜಾರ್ಜ್‌ಟೌನ್, ಜಾರ್ಜ್ ವಾಷಿಂಗ್ಟನ್, ಡ್ರೆಕ್ಸೆಲ್‌ನಂಥ ಖಾಸಗಿ ಸ್ಕೂಲ್‌ಗಳು ಎಲ್ಲರ ಪಟ್ಟಿಯಲ್ಲೂ ಇರುತ್ತವೆ, ಆದ್ದರಿಂದಲೇ ಅಲ್ಲಿ ನುಗ್ಗಾಟ. ಒಂದೆರಡು ಇರಲಿ, ಪಟ್ಟಿಯ ಅರ್ಧ ಅವೇ ಆಗಬಾರದು.

6. ಸ್ಕೂಲ್ ಯಾರನ್ನು ಹುಡುಕುತ್ತಿದೆ?

ಪ್ರತಿ ಸ್ಕೂಲಿನ ಜಾಲತಾಣದಲ್ಲೂ ಮಿಷನ್ ಅಂತ ಒಂದು ಪುಟ ಇರುತ್ತದೆ. ಅದನ್ನು ಅಲಂಕಾರ ಅಂದುಕೊಂಡು ದಾಟಬೇಡಿ. ಕೆಲವು ಕಡೆ ಆಯ್ಕೆ ನಡೆಯುವುದೇ ಅದರ ಮೇಲೆ. ಯುಸಿ ರಿವರ್‌ಸೈಡ್ ತನ್ನ ಸುತ್ತಲಿನ ಇನ್‌ಲ್ಯಾಂಡ್ ಪ್ರದೇಶಕ್ಕೆ ಡಾಕ್ಟರ್‌ಗಳನ್ನು ತಯಾರು ಮಾಡುತ್ತದೆ. ಲೋಮಾ ಲಿಂಡಾ ಅಡ್ವೆಂಟಿಸ್ಟ್ ಪಂಥದ ಸಂಸ್ಥೆ, ನಂಬಿಕೆಯ ಬಗ್ಗೆ ನೇರವಾಗಿ ಕೇಳುತ್ತದೆ. ಹೋವರ್ಡ್, ಮೆಹಾರಿ, ಮೋರ್‌ಹೌಸ್ ಕಪ್ಪು ಸಮುದಾಯದ ಆರೋಗ್ಯಕ್ಕಾಗಿ ನಿಂತ ಸ್ಕೂಲ್‌ಗಳು.

ನಿಮ್ಮ ಬದುಕಿನಲ್ಲಿ ಏನಿದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಹಳ್ಳಿಯ ಕ್ಲಿನಿಕ್‌ನಲ್ಲಿ ಎರಡು ವರ್ಷ ಮೆಡಿಕಲ್ ಅಸಿಸ್ಟೆಂಟ್ ಆಗಿದ್ದಿರಾ? ಆಂಬ್ಯುಲೆನ್ಸ್‌ನಲ್ಲಿ ಕೆಲಸ ಮಾಡಿದಿರಾ? ಲ್ಯಾಬ್‌ನಲ್ಲಿ ಸಂಶೋಧನೆಯಾ? ಆ ಹಾಳೆ ಪಕ್ಕದಲ್ಲಿಟ್ಟುಕೊಂಡು ಮಿಷನ್ ಓದಿ. ಸಂಶೋಧನೆಗೆ ಹೆಸರಾದ ಸ್ಕೂಲ್‌ಗೆ ಬರೀ ಕ್ಲಿನಿಕ್ ಅನುಭವ ಇಟ್ಟುಕೊಂಡು ಹೋದರೆ ಜಿಪಿಎ ಕಡಿಮೆ ಅನ್ನುವುದಕ್ಕೆ ಇನ್ನೊಂದು ಕಾರಣ ಸೇರುತ್ತದೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಚಿಕ್ಕಪ್ಪನ ನರ್ಸಿಂಗ್ ಹೋಮ್‌ನಲ್ಲಿ ಎರಡು ವಾರ ನಿಂತು ನೋಡಿದ್ದು ಇಲ್ಲಿನ ಅನುಭವಕ್ಕೆ ಬದಲಿಯಾಗುವುದಿಲ್ಲ. ಅಮೆರಿಕದ ಆಸ್ಪತ್ರೆ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತಾ ಅನ್ನುವುದೇ ಅವರ ಪ್ರಶ್ನೆ.

ಮನೆಯಲ್ಲಿ ಕಾಯಿಲೆ, ದುಡ್ಡಿನ ತೊಂದರೆ, ಓದುವಾಗಲೇ ದುಡಿಮೆ, ಇಂಥದ್ದರಿಂದ ಗ್ರೇಡ್ ಬಿದ್ದಿದ್ದರೆ ಆಮ್‌ಕ್ಯಾಸ್‌ನಲ್ಲಿ ಅದನ್ನು ಬರೆಯಲು ಪ್ರತ್ಯೇಕ ಜಾಗ ಇದೆ. ಏನಾಯಿತು, ಆಮೇಲೆ ಏನು ಬದಲಾಯಿತು, ಅಷ್ಟು ಸಾಕು. ಪ್ರೊಫೆಸರ್ ಸರಿಯಿರಲಿಲ್ಲ ಅಂತ ಎಲ್ಲೂ ಬರೆಯಬೇಡಿ.

7. ಡಿಒ ಸ್ಕೂಲ್‌ಗಳನ್ನು ಮೊದಲ ದಿನದಿಂದಲೇ ಸೇರಿಸಿ

"ಡಿಒ ಆದರೆ ಡಾಕ್ಟರ್ ಅಂತಾರಾ?" ಅಂತ ಊರಿನಿಂದ ಅಜ್ಜಿ ಕೇಳಿದರೆ ಸಹಜ. ಇಲ್ಲೇ ಇಪ್ಪತ್ತು ವರ್ಷದಿಂದ ಇರುವವರೂ ಕೇಳುತ್ತಾರೆ. ಉತ್ತರ: ಹೌದು. ಐವತ್ತೂ ರಾಜ್ಯಗಳಲ್ಲಿ ಎಂಡಿಯಷ್ಟೇ ಪೂರ್ತಿ ಅಧಿಕಾರ. ಔಷಧಿ ಬರೆಯಬಹುದು, ಸರ್ಜರಿ ಮಾಡಬಹುದು. 2020ರಿಂದ ರೆಸಿಡೆನ್ಸಿಗಳೂ (ಪದವಿ ಆದಮೇಲಿನ ಆಸ್ಪತ್ರೆ ತರಬೇತಿ) ಒಂದೇ ವ್ಯವಸ್ಥೆಯ ಕೆಳಗೆ ಬಂದಿವೆ. ಕೆಲವು ಸ್ಪರ್ಧೆ ಜಾಸ್ತಿ ಇರುವ ವಿಭಾಗಗಳಲ್ಲಿ ಡಿಒ ಅವರಿಗೆ ದಾರಿ ಕಷ್ಟ, ಅದು ನಿಜ. ಡಾಕ್ಟರ್ ಆಗುವುದಕ್ಕೆ ಮಾತ್ರ ಅದು ಅಡ್ಡಿಯಲ್ಲ.

ತಪ್ಪು ಆಗುವುದು ಇಲ್ಲಿ: ಎಂಡಿ ಕಡೆಯಿಂದ ಏನೂ ಬರದಿದ್ದಾಗ ಡಿಸೆಂಬರ್‌ನಲ್ಲಿ ಡಿಒಗೆ ಹಾಕುವುದು. ಅಷ್ಟರಲ್ಲಿ ಅವರ ಸೀಟುಗಳೂ ತುಂಬುತ್ತಿರುತ್ತವೆ. ತುಂಬಾ ಡಿಒ ಸ್ಕೂಲ್‌ಗಳು ಡಿಒ ಡಾಕ್ಟರೊಬ್ಬರ ಪತ್ರ ಕೇಳುತ್ತವೆ ಅಥವಾ ಇದ್ದರೆ ಒಳ್ಳೆಯದು ಅನ್ನುತ್ತವೆ. ಆ ಡಾಕ್ಟರ್ ಜೊತೆ ಕೆಲವು ದಿನ ಕಳೆದಿರಬೇಕಲ್ಲ, ಅದನ್ನು ಹಿಂದಿನ ವರ್ಷವೇ ಶುರು ಮಾಡಿ. ಹೊಸ ಸ್ಕೂಲ್ ಸೇರಿಸುವಾಗ ಮಾನ್ಯತೆ ಯಾವ ಹಂತದಲ್ಲಿದೆ, ಕೊನೆಯ ಎರಡು ವರ್ಷದ ಆಸ್ಪತ್ರೆ ತರಬೇತಿ ಎಲ್ಲಿ ಅಂತ ಕೇಳಿ. "ನೀವೇ ಹುಡುಕಿಕೊಳ್ಳಿ" ಅನ್ನುವ ಉತ್ತರ ಬಂದರೆ ಹುಷಾರಾಗಿರಿ.

8. ಎಷ್ಟು ಸ್ಕೂಲ್, ಎಷ್ಟು ದುಡ್ಡು

ಸೋಸಿದ ಮೇಲೆ ಉಳಿದವು ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತೈದು. ಜಿಪಿಎ 3.2-3.4 ಇದ್ದವರಿಗೆ ಅರ್ಧದಷ್ಟು ಡಿಒ ಇದ್ದರೆ ಪಟ್ಟಿ ಸರಿಯಾಗಿದೆ ಅಂತ ನನ್ನ ಅಭಿಪ್ರಾಯ. ಆಸೆಯ ಸ್ಕೂಲ್ ಎರಡೋ ಮೂರೋ ಸಾಕು.

ಆಮ್‌ಕ್ಯಾಸ್‌ನಲ್ಲಿ ಮೊದಲ ಸ್ಕೂಲ್‌ಗೆ ಸುಮಾರು 175 ಡಾಲರ್, ಆಮೇಲೆ ಒಂದೊಂದಕ್ಕೂ 45ರ ಮೇಲೆ. ಟೆಕ್ಸಸ್‌ನಲ್ಲಿ ಎಷ್ಟು ಸ್ಕೂಲ್ ಆದರೂ ಒಂದೇ ಶುಲ್ಕ. ನಿಜವಾದ ಖರ್ಚು ಸೆಕೆಂಡರಿಯಲ್ಲಿ, ಅಂದರೆ ಎರಡನೇ ಸುತ್ತಿನ ಅರ್ಜಿಯಲ್ಲಿ. ಪ್ರತಿ ಸ್ಕೂಲೂ ತನ್ನದೇ ಪ್ರಬಂಧ ಬರೆಸಿ ಮತ್ತೆ ಶುಲ್ಕ ಕೇಳುತ್ತದೆ. ಸೆಕೆಂಡರಿ ಬಂತು ಅಂತ ಖುಷಿಪಡಬೇಡಿ, ತುಂಬಾ ಸ್ಕೂಲ್‌ಗಳು ಎಲ್ಲರಿಗೂ ಕಳಿಸುತ್ತವೆ. ಆದಾಯ ಕಡಿಮೆ ಇರುವ ಮನೆಯವರು ಎಎಎಂಸಿಯ ಫೀ ಅಸಿಸ್ಟೆನ್ಸ್‌ಗೆ ಮೊದಲೇ ಅರ್ಜಿ ಹಾಕಿ. ಮುಂಚೆ ಕಟ್ಟಿದ ದುಡ್ಡು ಆಮೇಲೆ ವಾಪಸ್ ಬರುವುದಿಲ್ಲ.

ಸೇರಿದ ಮೇಲಿನ ಲೆಕ್ಕವನ್ನೂ ಈಗಲೇ ಹಾಕಿ. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರ್ಯಾಡ್ ಪ್ಲಸ್ ಅನ್ನುವ ಫೆಡರಲ್ ಸಾಲ ಇಲ್ಲ. ಫೆಡರಲ್ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್‌ಗೆ ನಿಲ್ಲುತ್ತದೆ. ಎಷ್ಟೋ ಖಾಸಗಿ ಸ್ಕೂಲ್‌ಗಳ ಫೀಸೇ ಅದನ್ನು ದಾಟುತ್ತದೆ. ಉಳಿದದ್ದು ಎಲ್ಲಿಂದ ಅಂತ ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಕಾಲಂ ಇರಲಿ.

9. ಕೆರಿಬಿಯನ್ ಅಥವಾ ಭಾರತ ಅನ್ನುವ ಮುಂಚೆ

ಕೆರಿಬಿಯನ್ ದ್ವೀಪಗಳ ಸ್ಕೂಲ್‌ಗಳು ಸೀಟು ಬೇಗ ಕೊಡುತ್ತವೆ. ಹೊರದೇಶದಲ್ಲಿ ಓದಿದ ಅಮೆರಿಕನ್ನರಲ್ಲಿ ರೆಸಿಡೆನ್ಸಿ ಮ್ಯಾಚ್ ಆಗುವವರು, ಅಂದರೆ ಆ ತರಬೇತಿಯ ಸೀಟು ಸಿಗುವವರು, ಈಚಿನ ವರ್ಷಗಳಲ್ಲಿ ಮೂರರಲ್ಲಿ ಎರಡು ಭಾಗ. ಇಲ್ಲಿನ ಎಂಡಿ, ಡಿಒ ಕೊನೆಯ ವರ್ಷದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ. ಆ ಮೂರರಲ್ಲಿ ಎರಡು ಕೂಡ ಮ್ಯಾಚ್‌ವರೆಗೆ ತಲುಪಿದವರ ಲೆಕ್ಕ, ನಡುವೆ ಬಿಟ್ಟವರು ಅದರಲ್ಲಿಲ್ಲ. ಜಿಪಿಎ ಕಡಿಮೆ ಇದ್ದವರೇ ನಡುವೆ ಬಿಡುವ ಅಪಾಯ ಜಾಸ್ತಿ. ಪೋಸ್ಟ್‌ಬ್ಯಾಕ್ ಮಾಡಿ, ಎರಡು ಸಲ ಸರಿಯಾದ ಪಟ್ಟಿಯೊಂದಿಗೆ ಪ್ರಯತ್ನಿಸಿದ ಮೇಲೆ ಮಾತ್ರ ಈ ದಾರಿ ಯೋಚಿಸಿ.

"ಮಂಗಳೂರಿಗೋ ಮಣಿಪಾಲಕ್ಕೋ ಎನ್‌ಆರ್‌ಐ ಸೀಟಿಗೆ ಕಳಿಸೋಣ" ಅನ್ನುವ ಮನೆಗಳೂ ಇವೆ. ಅದಕ್ಕೂ ನೀಟ್ ಬರೆಯಲೇಬೇಕು, ಮತ್ತೆ ಮೊದಲ ವರ್ಷದಿಂದ ಎಂಬಿಬಿಎಸ್ ಓದಬೇಕು. ವಾಪಸ್ ಬಂದಾಗ ಯುಎಸ್‌ಎಂಎಲ್‌ಇ ಅನ್ನುವ ಲೈಸೆನ್ಸ್ ಪರೀಕ್ಷೆ ಮುಗಿಸಿ, ಹೊರದೇಶದ ಪದವೀಧರರ ಸಾಲಿನಲ್ಲೇ ನಿಲ್ಲಬೇಕು.

10. ಕಳಿಸಿದ ಮೇಲೆ

ಸೆಕೆಂಡರಿ ಬಂದ ಎರಡು ವಾರದೊಳಗೆ ವಾಪಸ್ ಕಳಿಸಿ. ಹಿಂದಿನ ವರ್ಷದ ಪ್ರಶ್ನೆಗಳೇ ಸಾಮಾನ್ಯವಾಗಿ ಮತ್ತೆ ಬರುತ್ತವೆ, ಮೇ ತಿಂಗಳಲ್ಲೇ ಬರೆದಿಟ್ಟುಕೊಳ್ಳಬಹುದು. ಕ್ಯಾಸ್ಪರ್ ಅಥವಾ ಪ್ರಿವ್ಯೂ ಪರೀಕ್ಷೆ (ನಡವಳಿಕೆ, ವಿವೇಚನೆ ಅಳೆಯುವಂಥದ್ದು) ಯಾವ ಸ್ಕೂಲ್‌ಗೆ ಬೇಕು ಅಂತ ಸ್ಪ್ರೆಡ್‌ಶೀಟ್‌ನಲ್ಲಿ ಗುರುತು ಮಾಡಿ. ಇದೊಂದು ಬಿಟ್ಟುಹೋಗಿ ಅರ್ಜಿ ಅಪೂರ್ಣ ಅಂತ ತಿಂಗಳುಗಟ್ಟಲೆ ಬಿದ್ದಿರುವುದು ಮಾಮೂಲಿ.

ಥ್ಯಾಂಕ್ಸ್‌ಗಿವಿಂಗ್ (ನವೆಂಬರ್ ಕೊನೆ) ಹೊತ್ತಿಗೂ ಒಂದು ಇಂಟರ್‌ವ್ಯೂ ಬಂದಿಲ್ಲ ಅಂದರೆ ಕಾಯುತ್ತಾ ಕೂರಬೇಡಿ. ಜನವರಿಯ ಸೆಮಿಸ್ಟರ್‌ಗೆ ಮೇಲ್ಮಟ್ಟದ ಎರಡು ಸೈನ್ಸ್ ಕೋರ್ಸ್‌ಗೆ ಹೆಸರು ನೋಂದಾಯಿಸಿ. ತಿರಸ್ಕರಿಸಿದ ಸ್ಕೂಲ್‌ಗಳಲ್ಲಿ ಕೆಲವು ವಸಂತದಲ್ಲಿ ಕಾರಣ ಹೇಳುತ್ತವೆ, ಇಮೇಲ್ ಹಾಕಿ ಕೇಳಿ. ಗ್ರೇಡ್, ಎಂಕ್ಯಾಟ್, ಅನುಭವ ಈ ಮೂರರಲ್ಲಿ ಒಂದಾದರೂ ಕಣ್ಣಿಗೆ ಕಾಣುವಷ್ಟು ಬದಲಾಗದಿದ್ದರೆ ಮುಂದಿನ ಜೂನ್‌ನಲ್ಲಿ ಅರ್ಜಿ ಹಾಕಬೇಡಿ, ಅದರ ಮುಂದಿನ ಜೂನ್‌ಗೆ ಹಾಕಿ. ಬದಲಾಗಿದ್ದರೆ ಹಳೆಯ ಪಟ್ಟಿ ಅಳಿಸಿ, 1ನೇ ಹಂತದ ಲೆಕ್ಕವನ್ನು ಹೊಸ ಗ್ರೇಡ್‌ಗಳ ಜೊತೆ ಮತ್ತೆ ಮಾಡಿ.